ಮಂಗಳವಾರ ಸಂಜೆ ತಪ್ಪಿಸಬೇಡಿ

ಎಂ.ಎಸ್ಸಿ ಓದಲು ಶೆಫೀಲ್ಡಿಗೆ ಬಂದು ನಾಲ್ಕು ತಿಂಗಳಾಯಿತು, ಬ್ರಿಟನ್ನಿನಲ್ಲಿ ಆಶ್ರಯ ಕೋರಿ ಬಂದವರಿಗಾಗಿ ಏನಾದರೂ ಮಾಡಬೇಕೆನಿಸುತ್ತದೆ ಎಂದು ಬರೆದಿದ್ದೀರಿ. ವೀಸಾಕ್ಕೆ ಕುತ್ತು ಬಂದೀತೇ ಎಂಬ ಅಳುಕು ಒಂದು ಕಡೆ, ‘ನಿನಗೇಕೆ ಊರ ಉಸಾಬರಿ’ ಎನ್ನುವ ನಮ್ಮವರ ಮಾತು ಇನ್ನೊಂದು ಕಡೆ. ನಾನು ಈ ಊರಿಗೆ ಬಂದು ಹದಿನೆಂಟು ವರ್ಷವಾಯಿತು. ಹನ್ನೊಂದು ವರ್ಷದಿಂದ ಮಂಗಳವಾರ ಸಂಜೆ ಆಶ್ರಯ ಕೋರಿ ಬಂದವರಿಗಾಗಿ ನಡೆಯುವ ಇಂಗ್ಲಿಷ್ ಮಾತುಕತೆಯ ತರಗತಿಗೆ ಹೋಗುತ್ತಿದ್ದೇನೆ. ನೀವೂ ಖಂಡಿತ ಹೋಗಿ. ಹೇಗೆ ಹೋಗಬೇಕು ಎಂಬುದರ ಬಗ್ಗೆ ಮಾತ್ರ ಕೆಲವು ಮಾತು ಹೇಳಬೇಕು.

ವೀಸಾ ವಿಷಯ ಮೊದಲು ಮುಗಿಸೋಣ. ವಿದ್ಯಾರ್ಥಿಗಳು ಸ್ವಯಂಸೇವೆ ಮಾಡಬಹುದು. ಆದರೆ ಇಲ್ಲಿನ ನಿಯಮ ಎರಡು ಬಗೆಯ ಸೇವೆಯನ್ನು ಬೇರೆ ಬೇರೆಯಾಗಿ ನೋಡುತ್ತದೆ. ಒಪ್ಪಂದ, ಕಡ್ಡಾಯದ ವೇಳೆ ಇರುವ ‘ವಾಲಂಟರಿ ವರ್ಕ್’ ಸಂಬಳವಿಲ್ಲದಿದ್ದರೂ ಕೆಲಸವೇ. ತರಗತಿಗಳಿರುವ ದಿನಗಳಲ್ಲಿ ನಿಮಗಿರುವ ವಾರದ 20 ಗಂಟೆಗಳಲ್ಲಿ ಅದೂ ಸೇರುತ್ತದೆ. ಅಂಥ ಕಟ್ಟುಪಾಡಿಲ್ಲದ ‘ವಾಲಂಟಿಯರಿಂಗ್’ ಸೇರುವುದಿಲ್ಲ. ನಿಮ್ಮದು ಯಾವುದು ಎಂದು ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನು ಒಮ್ಮೆ ಕೇಳಿಕೊಳ್ಳಿ. ಡಿಬಿಎಸ್ ಎಂಬ ಹಿನ್ನೆಲೆ ತಪಾಸಣೆ ಕೇಳಿದರೆ ಗಾಬರಿ ಬೇಡ, ಸ್ವಯಂಸೇವಕರಿಗೆ ಅದು ಉಚಿತ.

ಇನ್ನು ನಮ್ಮವರ ಮಾತು. ‘ನಾವು ವೀಸಾ ಶುಲ್ಕ ಕಟ್ಟಿ, ಅದರ ಮೇಲೆ ಆರೋಗ್ಯದ ಸರ್ಚಾರ್ಜ್ ಕಟ್ಟಿ ಬಂದೆವು. ಅವರಿಗೆ ಎಲ್ಲವೂ ಪುಕ್ಕಟೆ’ ಎಂದು ಹೇಳುವವರ ನೋವು ಸುಳ್ಳಲ್ಲ. 2024ರ ಫೆಬ್ರವರಿಯಿಂದ ಆ ಸರ್ಚಾರ್ಜ್ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776. ಆದರೆ ಅದನ್ನು ಏರಿಸಿದವರು ಸರ್ಕಾರ ಇರಿಸಿದ ಹೋಟೆಲಿನ ಕೋಣೆಯಲ್ಲಿ ಕೂತಿರುವ ಈ ಜನರಲ್ಲ. ಆಶ್ರಯ ಕೋರುವುದಕ್ಕೆಂದೇ ಒಂದು ವೀಸಾ ಇಲ್ಲ. ಬ್ರಿಟನ್ನಿನ ನೆಲದ ಮೇಲೆ ನಿಂತೇ ಅರ್ಜಿ ಕೊಡಬೇಕು. ಅರ್ಜಿ ತೀರ್ಮಾನವಾಗುವವರೆಗೆ ದುಡಿಯುವಂತಿಲ್ಲ. ತಮ್ಮ ತಪ್ಪಿಲ್ಲದೆ ಹನ್ನೆರಡು ತಿಂಗಳು ಕಳೆದರೆ ಅನುಮತಿ ಕೇಳಬಹುದು, ಅದೂ ಪಟ್ಟಿಯಲ್ಲಿರುವ ಕೆಲವೇ ಕೆಲಸಗಳಿಗೆ. 2024ರಲ್ಲಿ, ತಾವೇ ಅಡುಗೆ ಮಾಡಿಕೊಳ್ಳುವವರಿಗೆ ಸರ್ಕಾರದಿಂದ ವಾರಕ್ಕೆ ಸಿಗುತ್ತಿದ್ದದ್ದು 49.18 ಪೌಂಡ್. ಊಟ ಕೊಡುವ ಹೋಟೆಲಿನಲ್ಲಿದ್ದರೆ ಹತ್ತು ಪೌಂಡಿಗೂ ಕಡಿಮೆ. ವಕೀಲರನ್ನು ನೋಡಲು ಎರಡು ಬಾರಿ ಬಸ್ಸಿನಲ್ಲಿ ಹೋಗಿ ಬಂದರೆ ಅದರ ಬಹುಪಾಲು ಕರಗಿಹೋಗುತ್ತದೆ.

1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡದಿಂದ ಹೊರಗಟ್ಟಿದ ಏಷ್ಯನ್ನರನ್ನು ನೆನೆಯಿರಿ. ತೊಂಬತ್ತು ದಿನಗಳ ಗಡುವು. ಸುಮಾರು 27,000 ಮಂದಿ ಇಲ್ಲಿಗೆ ಬಂದರು, ಬಹುತೇಕರ ಬೇರು ಭಾರತದ್ದೇ. ದಯವಿಟ್ಟು ನಮ್ಮ ಊರಿಗೆ ಬರಬೇಡಿ ಎಂದು ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಅದೇ ದಿನಗಳಲ್ಲಿ, ತೆಳುಬಟ್ಟೆಯಲ್ಲಿ ವಿಮಾನ ಇಳಿದವರಿಗೆ ಕೋಟು, ಕಂಬಳಿ ಹಂಚಿದ ಸ್ವಯಂಸೇವಕರೂ ಇದ್ದರು. ಇಂದು ನಾವು, ಅವರಲ್ಲಿ ಹಲವರು ನೆಲೆಸಿದ ಲೆಸ್ಟರಿನ ಬೀದಿಯಲ್ಲಿ ದೀಪಾವಳಿಯ ದೀಪ ನೋಡಿ ಹಿಗ್ಗುವಾಗ ಆ ಕೋಟುಗಳ ಋಣವೂ ನಮ್ಮ ಮೇಲಿದೆ ಎಂದು ನನಗೆ ಅನಿಸುತ್ತದೆ.

ಈಗ ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಮೊದಲ ವರ್ಷ, ಪುಸ್ತಕದಲ್ಲಿ ‘ಕುಟುಂಬ’ ಎಂಬ ಪಾಠವಿತ್ತು. ಎದುರು ಕುಳಿತ ಹೆಂಗಸನ್ನು ‘ನಿಮಗೆ ಎಷ್ಟು ಮಕ್ಕಳು?’ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಬೆರಳು ಮಡಿಸಿ ಎಣಿಸತೊಡಗಿದರು. ಮೂರನೆಯ ಬೆರಳಿಗೆ ಬಂದು ನಿಂತರು, ಅದನ್ನು ಮತ್ತೆ ಬಿಡಿಸಿದರು, ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ನಾನು ಆ ಪಾಠವನ್ನು ಮತ್ತೆಂದೂ ತೆರೆಯಲಿಲ್ಲ. ಈಗ ನಾವು ಬಸ್ಸಿನ ವೇಳಾಪಟ್ಟಿ, ಡಾಕ್ಟರ್ ಅಪಾಯಿಂಟ್‌ಮೆಂಟಿನ ಪತ್ರ, ಔಷಧಿ ಡಬ್ಬಿಯ ಚೀಟಿ, ಇವನ್ನೇ ಪಾಠ ಮಾಡುತ್ತೇವೆ. ಅವರ ಕಥೆಯನ್ನು ಕೇಳಬೇಡಿ. ಹೋಂ ಆಫೀಸ್ ಎಂಬ ಇಲ್ಲಿನ ಗೃಹ ಇಲಾಖೆಯ ಸಂದರ್ಶನದಲ್ಲಿ ಅದನ್ನು ತಾರೀಖು ಸಮೇತ ಹೇಳಿ, ಒಂದು ತಾರೀಖು ತಪ್ಪಿದ್ದಕ್ಕೆ ಸುಳ್ಳುಗಾರರೆನಿಸಿಕೊಂಡವರಿದ್ದಾರೆ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳಿ, ಅಲ್ಲಿಗೇ ಬಿಡಿ. ಫೋಟೋ ತೆಗೆಯಬೇಡಿ. ಒಂದು ವಾಟ್ಸಾಪ್ ಚಿತ್ರದಿಂದ ಊರಿನಲ್ಲಿ ಉಳಿದ ಅಣ್ಣತಮ್ಮಂದಿರ ಜೀವಕ್ಕೆ ಸಂಚಕಾರ ಬರಬಹುದು.

ಕಾನೂನಿನ ಸಲಹೆಯನ್ನಂತೂ ಕೊಡಲೇಬೇಡಿ. ನಾವೆಲ್ಲ ವೀಸಾ ಅರ್ಜಿ ತುಂಬಿ ತುಂಬಿ ಪಳಗಿದವರು, ‘ಹೀಗೆ ಬರೆಯಿರಿ’ ಎನ್ನಲು ನಾಲಿಗೆ ತುರಿಸುತ್ತದೆ. ನೋಂದಣಿ ಇಲ್ಲದವರು ವಲಸೆಯ ವಿಷಯದಲ್ಲಿ ಸಲಹೆ ಕೊಡುವುದು 1999ರ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ಮಾತೆಂದರೆ, ನಿಮ್ಮ ಒಂದು ತಪ್ಪು ಸಾಲಿಗೆ ಬೆಲೆ ತೆರುವವರು ಅವರು. ಪತ್ರದಲ್ಲಿ ಏನಿದೆ ಎಂದು ಓದಿ ಹೇಳಿ, ವಕೀಲರ ಬಳಿಗೆ ಜೊತೆಯಲ್ಲಿ ಹೋಗಿ. ನಿಮಗೆ ಹಿಂದಿ, ಸ್ವಲ್ಪ ತಮಿಳು ಬರುತ್ತದೆ ಎಂದಿದ್ದೀರಿ. ಚಹಾದ ಹೊತ್ತಿನಲ್ಲಿ ಅದು ದೊಡ್ಡ ಆಸ್ತಿ. ಉರ್ದು ಬಲ್ಲ ಎಷ್ಟೋ ಅಫ್ಘನ್ನರ ಮುಖ ಒಂದು ಹಿಂದಿ ಮಾತಿಗೆ ಅರಳುವುದನ್ನು ನೋಡಿದ್ದೇನೆ.

ನಿಜವಾಗಿ ನಿಮ್ಮಂಥವರು ಬೇಕಾಗುವುದು ಅವರ ಆಶ್ರಯದ ಅರ್ಜಿ ಮಂಜೂರಾದ ಮೇಲೆ. ಹೊರಗಿನವರು ಕಷ್ಟ ಮುಗಿಯಿತೆಂದು ಅಭಿನಂದಿಸುತ್ತಾರೆ. ನಿಯಮದ ಪ್ರಕಾರ ಅಲ್ಲಿಂದ 28 ದಿನಗಳಲ್ಲಿ ಸರ್ಕಾರದ ವಸತಿ ಬಿಡಬೇಕು, ಭತ್ಯೆಯೂ ನಿಲ್ಲುತ್ತದೆ. 2024ರ ಕೊನೆಯಲ್ಲಿ ಅದನ್ನು ಪ್ರಾಯೋಗಿಕವಾಗಿ 56 ದಿನಕ್ಕೆ ಏರಿಸಿದ್ದುಂಟು, ಒಂಟಿಯಾಗಿರುವವರಿಗೆ ಮರುವರ್ಷವೇ ಮತ್ತೆ 28. ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವಿನ ಮೊದಲ ಹಣ ಕೈಗೆ ಬರಲು, ಅರ್ಜಿ ಹಾಕಿದ ದಿನದಿಂದ ಐದು ವಾರ. ಲೆಕ್ಕ ನೀವೇ ಹಾಕಿ. ಈ ನಡುವೆ ಬ್ಯಾಂಕ್ ಖಾತೆ, ಬಾಡಿಗೆ ಕೋಣೆ, ಈಗ ಪೂರ್ತಿ ಡಿಜಿಟಲ್ ಆಗಿರುವ ಇ-ವೀಸಾದ ಆನ್‌ಲೈನ್ ಖಾತೆ. ಬಂದ ಹೊಸದರಲ್ಲಿ ಬ್ಯಾಂಕ್ ಖಾತೆ ತೆರೆಯಲು ನೀವೂ ಪಟ್ಟ ಪಾಡನ್ನು ಬರೆದಿದ್ದೀರಲ್ಲ, ಆ ಅನುಭವ ಇಲ್ಲಿ ಬಂಗಾರ. ನಾಲ್ಕು ವಾರ ಒಬ್ಬರ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತರೆ ಒಂದು ಜೀವ ಬೀದಿಗೆ ಬೀಳುವುದು ತಪ್ಪುತ್ತದೆ. ಬೀದಿಗೆ ಬಿದ್ದವರನ್ನೂ ನಾನು ನೋಡಿದ್ದೇನೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಬಟ್ಟೆಬರೆ, ಹಣದ ಮಾತು ಬೇಗ ಮುಗಿಸುತ್ತೇನೆ. ಏನು ಬೇಕೆಂದು ಕೇಳಿ ಕೊಡಿ, ಸಂಸ್ಥೆಯ ಮೂಲಕವೇ ಕೊಡಿ. ಬ್ರಿಟಿಷ್ ರೆಡ್ ಕ್ರಾಸ್, ರೆಫ್ಯೂಜೀ ಕೌನ್ಸಿಲ್ ದೇಶದ ಹಲವೆಡೆ ಇವೆ. ನಮ್ಮ ಶೆಫೀಲ್ಡ್ ಅಂತೂ, ಆಶ್ರಯ ಕೋರಿ ಬಂದವರನ್ನು ಊರೇ ಸ್ವಾಗತಿಸಬೇಕೆನ್ನುವ ‘ಸಿಟಿ ಆಫ್ ಸ್ಯಾಂಕ್ಚುರಿ’ ಚಳವಳಿ 2005ರಲ್ಲಿ ಹುಟ್ಟಿದ ಊರೇ. ದಾರಿ ಹುಡುಕುವುದು ಕಷ್ಟವಾಗದು.

ಕಷ್ಟವಿರುವುದು ತಪ್ಪದೆ ಹೋಗುವುದರಲ್ಲಿ. 2024ರ ಆಗಸ್ಟ್ 4ರಂದು, ಭಾನುವಾರ, ಪಕ್ಕದ ರಾದರಂನಲ್ಲಿ ಆಶ್ರಯ ಕೋರಿದವರಿದ್ದ ಹೋಟೆಲಿಗೆ ಗುಂಪು ನುಗ್ಗಿ ಬೆಂಕಿ ಹಚ್ಚಲು ನೋಡಿತು. ಒಳಗೆ ಜನರಿದ್ದರು. ಎರಡು ದಿನದ ನಂತರದ ಮಂಗಳವಾರ ತರಗತಿ ನಡೆಸಬೇಕೇ ಬೇಡವೇ ಎಂದು ನಾವು ಮಧ್ಯಾಹ್ನದವರೆಗೂ ಮಾತಾಡಿದೆವು. ಕೊನೆಗೆ ಎಂದಿನ ಆರು ಗಂಟೆಗೆ ಬಾಗಿಲು ತೆರೆದೆವು. ಸ್ವಯಂಸೇವಕರು ಒಂಬತ್ತು ಜನ, ಬಂದವರು ಮೂವರು. ಅವರಲ್ಲೊಬ್ಬರು, ಬಾಗಿಲು ತೆರೆದಿದೆಯೋ ಇಲ್ಲವೋ ನೋಡಿಕೊಂಡು ಹೋಗಲು ಬಂದೆ ಎಂದರು. ಅಂದು ರಾತ್ರಿ ಫೋನಿನಲ್ಲಿ ಅವರು ಎಷ್ಟು ಜನರಿಗೆ ಹೇಳಿದರೋ, ಮುಂದಿನ ವಾರ ಕುರ್ಚಿಗಳು ಸಾಲಲಿಲ್ಲ.

ಪರೀಕ್ಷೆಯ ವಾರದಲ್ಲಿ ಬರಲಾಗದಿದ್ದರೆ ಮೊದಲೇ ತಿಳಿಸಿಬಿಡಿ. ಏಳೆಂಟು ತಿಂಗಳು ಜೊತೆಗೆ ಕೂತು ಕಲಿತವರನ್ನು ಸರ್ಕಾರದವರು ಒಂದು ದಿನ ಇದ್ದಕ್ಕಿದ್ದಂತೆ ಬೇರೆ ಊರಿಗೆ ಕಳಿಸಿಬಿಡುತ್ತಾರೆ, ಹೇಳಿ ಹೋಗಲೂ ಆಗಿರುವುದಿಲ್ಲ. ಆ ಖಾಲಿ ಕುರ್ಚಿ ನಿಮ್ಮನ್ನು ನೋಯಿಸುತ್ತದೆ. ಆ ವಾರವೂ ಬನ್ನಿ.

ಮೊದಲ ದಿನ ಪಾಠದ ಚಿಂತೆ ಬೇಡ, ಕುರ್ಚಿ ಜೋಡಿಸಿ, ಚಹಾ ಕೊಡಿ. ಕೊನೆಯಲ್ಲಿ ಲೋಟಗಳನ್ನು ತೊಳೆಯಲು ಮಾತ್ರ ಹೋಗಬೇಡಿ. ತಮ್ಮ ದೇಶದಲ್ಲಿ ಎಂಜಿನಿಯರ್ ಆಗಿದ್ದ ಹಿರಿಯರೊಬ್ಬರಿದ್ದಾರೆ, ಎರಡು ವರ್ಷದಿಂದ ಆ ಕೆಲಸ ಅವರದು, ಬೇರೆಯವರಿಗೆ ಬಿಡುವುದಿಲ್ಲ. ನೀವು ಒರೆಸುವ ಬಟ್ಟೆ ಹಿಡಿದು ಅವರ ಎಡಗಡೆ ನಿಲ್ಲಿ.