ಒಂದೇ ಕೋವಿ ಸಾಕು ತಮ್ಮಾ

ತಮ್ಮಾ,

ನಮ್ಮ ಕಾಸರಗೋಡಿನ ಮುಳ್ಳೇರಿಯದ ಹುಡುಗ ಡೆ ಮೊಯಿನ್‌ಗೆ ಬಂದಿದ್ದಾನೆ ಅಂತ ತಿಳಿದೇ ಖುಷಿಯಾಯಿತು. ನಾನು ಆದೂರಿನವನು. ಅಮೆರಿಕದ ಈ ಅಯೋವಾ ರಾಜ್ಯಕ್ಕೆ ಬಂದು 21 ವರ್ಷವಾಯಿತು.

ನೀನು ಕೇಳಿದ್ದು ಇಷ್ಟು. ಎಚ್-ಒನ್-ಬಿ ವೀಸಾದಲ್ಲಿ ಬಂದು ಎಂಟು ತಿಂಗಳಾಯಿತು. ಆಫೀಸಿನವರು ಅಕ್ಟೋಬರಿನಲ್ಲಿ ಫೆಸೆಂಟ್ ಎಂಬ ಹಕ್ಕಿಯ ಬೇಟೆಗೆ, ಡಿಸೆಂಬರಿನಲ್ಲಿ ಜಿಂಕೆ ಬೇಟೆಗೆ ಕರೆಯುತ್ತಿದ್ದಾರೆ. ನಡುವೆ ಬಾತುಕೋಳಿ, ವಸಂತದಲ್ಲಿ ಟರ್ಕಿ ಕೋಳಿ. ಅವರ ಮನೆಗಳಲ್ಲಿ ಆರೇಳು ಕೋವಿ, ನಿನ್ನದು ಸಣ್ಣ ಫ್ಲಾಟು. ಎಲ್ಲದಕ್ಕೂ ಆಗುವ ಒಂದೇ ಕೋವಿ ಉಂಟಾ, ನಮ್ಮಂಥವರು ತೆಗೆದುಕೊಳ್ಳಬಹುದಾ ಅಂತ ಕೇಳಿದ್ದೀ.

ಕೋವಿ ಉಂಟು. ತೆಗೆದುಕೊಳ್ಳಲೂಬಹುದು. ಆದರೆ ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲಿ ತಪ್ಪಿದರೆ ಹೋಗುವುದು ಬೇಟೆಯಲ್ಲ, ನಿನ್ನ ವೀಸಾ.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ನಿನ್ನ ವೀಸಾದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಅದಕ್ಕೆ ಒಂದು ವಿನಾಯಿತಿ ಉಂಟು: ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸನ್ಸು ಕೈಯಲ್ಲಿರಬೇಕು. ಹಾಗಾಗಿ ಮೊದಲು ಹಂಟರ್ ಎಜುಕೇಶನ್ ಕೋರ್ಸು. ಅಯೋವಾದಲ್ಲಿ 1972ರ ಜನವರಿ 1ರ ನಂತರ ಹುಟ್ಟಿದವರಿಗೆಲ್ಲ ಅದು ಕಡ್ಡಾಯ. ಆಮೇಲೆ ಲೈಸನ್ಸು. ಅದಾದ ಮೇಲೆಯೇ ಕೋವಿ ಅಂಗಡಿ. ಅಲ್ಲಿಯವರೆಗೆ ಗೆಳೆಯನ ಕೋವಿಯನ್ನೂ ಸುಮ್ನೆ ಒಮ್ಮೆ ಹಿಡಿದು ನೋಡುತ್ತೇನೆ ಅನ್ನಬೇಡ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ತಿಳಿದಿಲ್ಲ. ಅಯೋವಾದ ಬೇಟೆ ಲೈಸನ್ಸು ಜನವರಿ 10ಕ್ಕೆ ಮುಗಿಯುತ್ತದೆ. ಅಕ್ಕಪಕ್ಕದವರಿಗೆ ಅದು ಬೇಟೆ ಮುಗಿದ ದಿನ, ಅಷ್ಟೇ. ನಿನಗೆ ಹಾಗಲ್ಲ. 11ನೇ ತಾರೀಕಿಗೆ ಹೊಸ ಲೈಸನ್ಸು ಇಲ್ಲದಿದ್ದರೆ ಕಪಾಟಿನಲ್ಲಿರುವ ಕೋವಿಯೇ ಅಪರಾಧ. ಡಿಸೆಂಬರಿನಲ್ಲೇ ಹೊಸದು ಮಾಡಿಸಿಡು. ನಿನ್ನ ಹೆಂಡತಿ ಎಚ್-ಫೋರ್ ಎಂಬ ಅವಲಂಬಿತರ ವೀಸಾದಲ್ಲಿದ್ದರೆ ಅವಳಿಗೂ ಇದೇ ನಿಯಮ. ಕೋವಿಗೆ ಬೀಗ ಇರಲಿ, ಕೀಲಿಕೈ ನಿನ್ನೊಬ್ಬನಲ್ಲೇ ಇರಲಿ. ಅವಳಿಗೆ ಹೆದರಿಕೆ ಅಂತ ಬರೆದಿದ್ದೀಯಲ್ಲ, ಆ ಬೀಗ ನೋಡಿದರೆ ಅವಳಿಗೂ ಸಮಾಧಾನ.

ಊರಲ್ಲಿ ನಮ್ಮ ಅಜ್ಜನಿಗೆ ತೋಟ ಕಾಯಲು ಒಂದು ಜೋಡು ನಳಿಗೆ ಕೋವಿ ಇತ್ತು. ಲೈಸನ್ಸು ನವೀಕರಿಸಲು ಕಾಸರಗೋಡಿಗೆ ಎಷ್ಟು ಸಲ ಬಸ್ಸು ಹತ್ತಿದ್ದಾರೋ. ಚುನಾವಣೆ ಬಂತೆಂದರೆ ಕೋವಿ ಗೋಣಿಯಲ್ಲಿ ಸುತ್ತಿ ಠಾಣೆಗೆ ಕೊಟ್ಟು ಬರಬೇಕು. ಕೋವಿ ಠಾಣೆಯಲ್ಲಿ, ಹಂದಿ ಮರಗೆಣಸಿನ ಬುಡದಲ್ಲಿ. ಇಲ್ಲಿ ಅದೆಲ್ಲ ಇಲ್ಲ. ಅಂಗಡಿಯಲ್ಲೇ 4473 ಎಂಬ ಫಾರ್ಮು ತುಂಬಬೇಕು, ಅವರು ನಿನ್ನ ಹಿನ್ನೆಲೆ ತಪಾಸಣೆ ಮಾಡುತ್ತಾರೆ. ಸುಲಭ ಅಂತ ಹಗುರ ಮಾಡಬೇಡ. ಅದರಲ್ಲಿ ಬೇಕೆಂದೇ ಒಂದು ಸುಳ್ಳು ಬರೆದರೆ ಜೈಲಿಗೆ ಹೋಗುವ ಅಪರಾಧ. ಪಾಸ್‌ಪೋರ್ಟು, ಐ-94 ಎಂಬ ದೇಶದೊಳಗೆ ಬಂದ ದಾಖಲೆ, ಬೇಟೆ ಲೈಸನ್ಸು ಮೂರೂ ಜೊತೆಗಿರಲಿ.

ಈಗ ಕೋವಿಗೆ ಬರೋಣ.

12 ಬೋರಿನ ಪಂಪ್ ಶಾಟ್‌ಗನ್ ತಗೋ, ಅಂದರೆ ಕೈಯಿಂದ ಹಿಂದೆ-ಮುಂದೆ ಎಳೆದು ತೋಟೆ ಏರಿಸುವ ಚರೆ ಕೋವಿ (ಚರೆ ಅಂದರೆ ತೋಟೆಯೊಳಗಿನ ಸಣ್ಣ ಸಣ್ಣ ಗುಂಡುಗಳು). 3 ಇಂಚಿನ ತೋಟೆ ಹಿಡಿಸುವಂಥದ್ದು, ನಳಿಗೆಯ ತುದಿಯ ಚೋಕ್ ಬದಲಿಸಲು ಬರುವಂಥದ್ದು (ಚೋಕ್ ಏನಂತ ಮುಂದೆ ಹೇಳುತ್ತೇನೆ), ನಳಿಗೆ 26 ಅಥವಾ 28 ಇಂಚು. ರೆಮಿಂಗ್ಟನ್ 870 ಬಂದದ್ದು 1950ರಲ್ಲಿ, ಮಾಸ್‌ಬರ್ಗ್ 500 ಬಂದದ್ದು 1961ರಲ್ಲಿ. ಎರಡೂ ಇವತ್ತಿಗೂ ರೈತರ ಪಿಕಪ್ಪುಗಳಲ್ಲಿ ಕಾಣುತ್ತವೆ. ನನ್ನ ಹತ್ತಿರ ಇರುವುದು ಮಾಸ್‌ಬರ್ಗ್. ಅದರಲ್ಲಿ ಎರಡು ನಳಿಗೆ ಸೇರಿಸಿ ಮಾರುವ ಸೆಟ್ಟು ಸಿಗುತ್ತದೆ: ಹಕ್ಕಿಗೆ ಚೋಕ್ ಹಾಕುವ 28 ಇಂಚಿನದು, ಜಿಂಕೆಗೆ ಒಳಗೆ ತಿರುಪುಗೆರೆ ಇರುವ 24 ಇಂಚಿನದು. ನಳಿಗೆ ಬದಲಿಸಲು ಎರಡು ನಿಮಿಷ ಸಾಕು, ಬೇರೆ ಸಲಕರಣೆ ಬೇಡ.

12 ಯಾಕೆ, 20 ಯಾಕಲ್ಲ? ಒಂದು ಪೌಂಡು ಸೀಸದಲ್ಲಿ ಒಂದೇ ಗಾತ್ರದ 12 ಗುಂಡು ಮಾಡಿದರೆ ಆ ಗುಂಡಿನ ಅಗಲವೇ 12 ಬೋರಿನ ನಳಿಗೆಯ ಅಗಲ. 20 ಗುಂಡು ಮಾಡಿದರೆ ಗುಂಡು ಸಣ್ಣದು, ನಳಿಗೆಯೂ ಸಣ್ಣದು. 20 ಬೋರು ಹಗುರ, ಒದೆತವೂ ಕಡಿಮೆ, ಫೆಸೆಂಟ್‌ಗೆ ಚೆನ್ನಾಗಿಯೇ ಆಗುತ್ತದೆ. ಆದರೆ ಬಾತುಕೋಳಿಗೆ ಉಕ್ಕಿನ ಚರೆ ಹಾಕುವಾಗ ಜಾಗ ಸಾಲುವುದಿಲ್ಲ. 12ರ ತೋಟೆ ಯಾವ ಸಣ್ಣ ಊರಿನ ಅಂಗಡಿಯಲ್ಲೂ ಇರುತ್ತದೆ, ಬಗೆಯೂ ಜಾಸ್ತಿ. ಒಂದೇ ಕೋವಿ ಅನ್ನುವವನಿಗೆ ಇದೇ ದೊಡ್ಡ ವಿಷಯ, ಯಾಕೆಂದರೆ ನೀನು ಬದಲಿಸುವುದು ಕೋವಿಯನ್ನಲ್ಲ, ತೋಟೆ ಮತ್ತು ಚೋಕನ್ನು.

ಚೋಕ್ ಅಂದರೆ ನಳಿಗೆಯ ತುದಿಯನ್ನು ಸ್ವಲ್ಪ ಬಿಗಿ ಮಾಡುವ ಸಣ್ಣ ಕೊಳವೆ. ನಮ್ಮ ತೋಟದ ಹೋಸ್ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ದೂರ ಹೋಗುವುದಿಲ್ಲವಾ, ಹಾಗೆ ಚರೆ ಹರಡುವುದು ತಡವಾಗುತ್ತದೆ. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಫುಲ್ ಚೋಕಿನಲ್ಲಿ ಸುಮಾರು ನೂರಕ್ಕೆ 70 ಚರೆ ಬೀಳುತ್ತವೆ, ಮಾಡಿಫೈಡ್‌ನಲ್ಲಿ 60, ಇಂಪ್ರೂವ್ಡ್ ಸಿಲಿಂಡರಿನಲ್ಲಿ 50. ಲೆಕ್ಕ ಅಷ್ಟೇ.

ಫೆಸೆಂಟ್ ನಿನಗೆ ಮೊದಲು ಸಿಗುವ ಬೇಟೆ, ಅದನ್ನೇ ಸರಿಯಾಗಿ ಹೇಳುತ್ತೇನೆ. ಇದು ನಮ್ಮ ಕಾಡುಕೋಳಿಯ ಸಂಬಂಧಿ, ಚೀನಾದಿಂದ ತಂದದ್ದು. 1900ರ ಆಸುಪಾಸು ಸೀಡರ್ ಫಾಲ್ಸ್‌ನಲ್ಲಿ ಒಬ್ಬರು ಸಾಕಿದ್ದ ಹಕ್ಕಿಗಳು ಬಿರುಗಾಳಿಗೆ ಗೂಡು ಮುರಿದು ಹಾರಿಹೋದವಂತೆ, ಅಯೋವಾದ ಸಂತತಿ ಅಲ್ಲಿಂದ ಶುರು. ಸೀಸನ್ ಅಕ್ಟೋಬರಿನ ಕೊನೆಯ ಶನಿವಾರದಿಂದ ಜನವರಿ 10ರವರೆಗೆ. ಹುಂಜ ಮಾತ್ರ, ದಿನಕ್ಕೆ ಮೂರು. ಹೇಂಟೆಗೆ ಹೊಡೆಯುವ ಹಾಗಿಲ್ಲ. ಅದು ಕಾಲ ಬುಡದ ಹುಲ್ಲಿನಿಂದ ಕೂಗುತ್ತಾ ಏಳುವಾಗ ಎದೆ ಧಸಕ್ಕೆನ್ನುತ್ತದೆ. ಆ ಒಂದು ಕ್ಷಣದಲ್ಲಿ ಬಾಲ ನೋಡು, ಕುತ್ತಿಗೆಯ ಬಿಳಿ ಪಟ್ಟಿ ನೋಡು, ಆಮೇಲೆ ಕೋವಿ ಎತ್ತು. ಸೀಸನ್ ಶುರುವಿನಲ್ಲಿ ಇಂಪ್ರೂವ್ಡ್ ಸಿಲಿಂಡರ್, ಸೀಸದ 5 ಅಥವಾ 6ನೇ ನಂಬ್ರದ ಚರೆ. ಹಿಮ ಬಿದ್ದ ಮೇಲೆ ಹಕ್ಕಿ ದೂರದಲ್ಲೇ ಏಳುತ್ತದೆ, ಆಗ ಮಾಡಿಫೈಡ್. ನಂಬ್ರ ದೊಡ್ಡದಾದಷ್ಟೂ ಚರೆ ಸಣ್ಣದು, ಇದು ಹೊಸಬರಿಗೆ ಯಾವಾಗಲೂ ಅದಲುಬದಲಾಗುತ್ತದೆ. ಕೆಲವು ಸರ್ಕಾರಿ ಬೇಟೆ ಜಾಗಗಳಲ್ಲಿ ಸೀಸ ನಿಷೇಧ, ಅದಕ್ಕೆ ನಾನು ಚೀಲದಲ್ಲಿ ಯಾವಾಗಲೂ ಉಕ್ಕಿನ ತೋಟೆಯನ್ನೂ ಇಟ್ಟುಕೊಳ್ಳುತ್ತೇನೆ.

ಬಾತುಕೋಳಿಗೆ ಸೀಸದ ಚರೆ 1991ರಿಂದ ದೇಶಕ್ಕೆಲ್ಲ ನಿಷೇಧ. ಕೆರೆಯ ತಳದಲ್ಲಿ ಉಳಿದ ಸೀಸ ತಿಂದು ಹಕ್ಕಿಗಳು ವಿಷವೇರಿ ಸಾಯುತ್ತಿದ್ದವು. ಉಕ್ಕು ಸೀಸಕ್ಕಿಂತ ಹಗುರ, ಬೇಗ ವೇಗ ಕಳೆದುಕೊಳ್ಳುತ್ತದೆ. ಅದಕ್ಕೆ ಸೀಸಕ್ಕಿಂತ ಎರಡು ಗಾತ್ರ ದೊಡ್ಡ ಚರೆ ಹಾಕಬೇಕು: 3 ಇಂಚಿನ ತೋಟೆಯಲ್ಲಿ 2ನೇ ನಂಬ್ರ, ಚೋಕ್ ಮಾಡಿಫೈಡ್. ಫುಲ್ ಚೋಕಿನಲ್ಲಿ ಉಕ್ಕು ಬೇಡ. ಬಾತುಕೋಳಿಗೆ ಹೋಗುವಾಗ ಕೋವಿಯಲ್ಲಿ ಒಟ್ಟು ಮೂರೇ ತೋಟೆ ಹಿಡಿಸಬೇಕು, ಅದಕ್ಕಾಗಿ ಒಳಗೆ ಹಾಕುವ ಕಡ್ಡಿ ಉಂಟು. ಅದನ್ನು ತೆಗೆಯಲೇಬೇಡ. 25 ಡಾಲರಿನ ಡಕ್ ಸ್ಟ್ಯಾಂಪ್ ಎಂಬ ಬಾತುಕೋಳಿ ಬೇಟೆಯ ಚೀಟಿಯೂ ಬೇಕು. ಆ ಹಣದಿಂದ ಕೆರೆ, ಜವುಗು ಜಾಗಗಳನ್ನು ಕೊಂಡು ಉಳಿಸುತ್ತಾರೆ. ನಾನು ಬೇಟೆಗೆ ಹೋಗದ ವರ್ಷವೂ ಕೊಂಡಿದ್ದೇನೆ.

ಟರ್ಕಿ ಬೇರೆ ಥರ. ಅಲ್ಲಿ ಹಾರುವ ಹಕ್ಕಿಗೆ ಹೊಡೆಯುವುದಲ್ಲ, ಮರಕ್ಕೆ ಒರಗಿ ಕೂತು ತಲೆ-ಕುತ್ತಿಗೆಗೆ ಗುರಿ ಇಡುವುದು. ಟರ್ಕಿ ಚೋಕ್ ಒಂದನ್ನು ಬೇರೆ ಕೊಂಡರೆ ಆಯಿತು.

ಜಿಂಕೆಗೆ ಚರೆ ಅಲ್ಲ, ಸ್ಲಗ್ ಎಂಬ ಒಂಟಿ ಗುಂಡು. ತಿರುಪುಗೆರೆಯ ನಳಿಗೆಯಿದ್ದರೆ ಪ್ಲಾಸ್ಟಿಕ್ ಹೊದಿಕೆಯ ಸೇಬೋ ಸ್ಲಗ್ ಹಾಕು. ನುಣುಪು ನಳಿಗೆಯೇ ಇದ್ದರೆ ಗುಂಡಿನ ಮೇಲೆಯೇ ಗೆರೆ ಇರುವ ರೈಫಲ್ಡ್ ಸ್ಲಗ್, ಚೋಕ್ ಇಂಪ್ರೂವ್ಡ್ ಸಿಲಿಂಡರ್. ಟರ್ಕಿ ಚೋಕ್ ಇಟ್ಟುಕೊಂಡು ಸ್ಲಗ್ ಹೊಡೆಯಲೇಬಾರದು, ನಳಿಗೆ ಹಾಳಾಗಬಹುದು. ತಿರುಪುಗೆರೆಯ ನಳಿಗೆಯಿಂದ ಚರೆ ಹೊಡೆದರೆ ನಡುವೆ ಖಾಲಿ ಬಿಟ್ಟು ಸುತ್ತಲೂ ಹರಡಿಹೋಗುತ್ತದೆ, ಅದೂ ಬೇಡ.

ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ. ಮೊದಲ ವರ್ಷ ಅಂಗಡಿಯವನೊಬ್ಬ "ಎಲ್ಲದಕ್ಕೂ ಇದೇ" ಅಂತ ಮೂರೂವರೆ ಇಂಚಿನ ತೋಟೆಯ ದುಬಾರಿ ಸೆಮಿ-ಆಟೋಮ್ಯಾಟಿಕ್ ಕೋವಿ ಕೊಡಿಸಿದ. ಭುಜಕ್ಕೆ ಕೊಡುವ ಮರ ನನ್ನ ಕೈಗೆ ಉದ್ದವಾಗಿತ್ತು, ಚಳಿಗಾಲದ ದಪ್ಪ ಕೋಟಿನ ಮೇಲೆ ಇನ್ನೂ ಉದ್ದ. ಆ ತೋಟೆಯ ಒದೆತಕ್ಕೆ ಭುಜ ನೀಲಿಯಾಯಿತು. ಆಮೇಲೆ ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚಲು ಶುರುವಾಯಿತು. ಒಂದು ಬಾತುಕೋಳಿಗೆ ಗಾಯವಾಗಿ ಜೊಂಡಿನೊಳಗೆ ಹೋಯಿತು, ಕತ್ತಲಾಗುವವರೆಗೆ ಹುಡುಕಿದರೂ ಸಿಗಲಿಲ್ಲ. ಅದು ಇವತ್ತಿಗೂ ನನಗೆ ನೋವು. ಮರುವಾರವೇ ಆ ಕೋವಿ ಮಾರಿದೆ. 3 ಇಂಚು ಧಾರಾಳ ಸಾಕು. ಕೊಳ್ಳುವ ಮೊದಲು ಕೋಟು ಹಾಕಿಕೊಂಡೇ ಭುಜಕ್ಕೆ ಕೊಟ್ಟು ನೋಡು. ಕೊಂಡ ಮೇಲೆ ದೊಡ್ಡ ಕಾಗದ ಕಟ್ಟಿ ನೀನು ಬಳಸುವ ಒಂದೊಂದು ತೋಟೆಯನ್ನೂ ಒಂದೊಂದು ಚೋಕಿನಲ್ಲಿ ಹೊಡೆದು ಚರೆ ಎಲ್ಲಿ ಬಿತ್ತು ಅಂತ ಎಣಿಸು.

ಜಿಂಕೆ ಬೇಟೆಯಲ್ಲಿ ಕೆಲವರು ಸಾಲಾಗಿ ನಡೆದು ಕಾಡು ಅಲುಗಿಸುತ್ತಾರೆ, ನಮ್ಮ ಕಡೆ ಹಿಂದೆ ಗುಂಪಾಗಿ ಬೋಂಟೆಗೆ, ಅಂದರೆ ಬೇಟೆಗೆ, ಹೋಗುತ್ತಿದ್ದ ಹಾಗೆ. ಅಲ್ಲಿ ಕಿತ್ತಳೆ ಬಣ್ಣದ ಅಂಗಿ ಇಲ್ಲದೆ ಇಳಿಯಬೇಡ. ಹಂದಿ ಅಂತ ಗ್ರಹಿಸಿ ಮನುಷ್ಯನಿಗೆ ಈಡು ಬಿದ್ದ ಸುದ್ದಿ ಊರಲ್ಲಿ ನೀನೂ ಕೇಳಿರುತ್ತೀ. ಅಜ್ಜ ನನ್ನ ಕೈಗೆ ಕೋವಿ ಕೊಡುವ ಮೊದಲು ಎರಡು ಮಳೆಗಾಲ ಬರೀ ಟಾರ್ಚು ಹಿಡಿಸಿದರು. ಪೊದೆ ಅಲುಗಿದರೆ "ಏನು ಕಂಡಿತು?" ಅಂತ ಕೇಳುತ್ತಿದ್ದರು. "ಅಲುಗಿದ್ದು ಕಂಡಿತು" ಅಂದರೆ ಕೋವಿ ಇಳಿಸಿ ಮನೆಗೆ ನಡೆಯುತ್ತಿದ್ದರು.

ಇಲ್ಲಿ ಲೈಸನ್ಸು ಸಿಕ್ಕಿತು ಅಂತ ಊರಿಗೆ ಹೋದಾಗ ಯಾರೊಂದಿಗೂ ಕಾಡಿಗೆ ಹೊರಡಬೇಡ. 1972ರ ವನ್ಯಜೀವಿ ಕಾಯ್ದೆ ಅಲ್ಲಿ ಹಾಗೆಯೇ ಉಂಟು. ಕೃಷಿ ಹಾಳು ಮಾಡುವ ಹಂದಿಗೆ ಪಂಚಾಯತಿನಿಂದ ಅನುಮತಿ ಸಿಕ್ಕಿದ ಲೈಸನ್ಸುದಾರರು ಮಾತ್ರ ಹೊಡೆಯಬಹುದು, ಹೊಡೆದದ್ದನ್ನು ಹೂಳಬೇಕು. ಇಲ್ಲಿ ಹೊಡೆದ ಮಾಂಸವನ್ನು ಹಾಳು ಮಾಡಬಾರದು. ಒಂದು ಜಿಂಕೆಯ ಮಾಂಸ ನಿಮ್ಮಿಬ್ಬರಿಗೆ ಜಾಸ್ತಿಯಾದರೆ ಹಷ್ ಅಂತ ರಾಜ್ಯದ ಯೋಜನೆ ಉಂಟು, ಅದರ ಮೂಲಕ ಹಸಿದವರಿಗೆ ಮುಟ್ಟಿಸುತ್ತಾರೆ.

ಆಗಸ್ಟ್ ಬಂತು. ಕೋರ್ಸಿನ ಸೀಟು ಬೇಗ ತುಂಬುತ್ತದೆ, ಈ ವಾರವೇ ಹೆಸರು ಬರೆಸು. ಆನ್‌ಲೈನ್‌ಗಿಂತ ಕ್ಲಾಸಿಗೆ ಹೋಗಿ ಕಲಿಯುವುದು ಒಳ್ಳೆಯದು. ಒಂದು ಕಿತ್ತಳೆ ಅಂಗಿ ನನ್ನಲ್ಲಿ ಹೆಚ್ಚಿಗೆ ಉಂಟು, ಕೊಡುತ್ತೇನೆ. ನೀನು ಎಡಗೈಯವನಾ ಬಲಗೈಯವನಾ ಅಂತ ಬರೆದಿಲ್ಲ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು, ಅದರಲ್ಲಿ ದೂರದ ಒಂದು ಬಲ್ಬು ನೋಡು. ಒಂದೊಂದೇ ಕಣ್ಣು ಮುಚ್ಚು. ಯಾವ ಕಣ್ಣು ತೆರೆದಿರುವಾಗ ಬಲ್ಬು ಕಿಂಡಿಯಲ್ಲೇ ನಿಲ್ಲುತ್ತದೋ ಅದು ನಿನ್ನ ಗುರಿಯ ಕಣ್ಣು. ಎಡಗಣ್ಣಾದರೆ ಮಾಸ್‌ಬರ್ಗೇ ಸರಿ, ಅದರ ಸೇಫ್ಟಿ, ಅಂದರೆ ಈಡು ಹಾರದಂತೆ ತಡೆಯುವ ಗುಬುಟು, ಮೇಲೆ ನಡುವೆ ಉಂಟು, ಎರಡೂ ಕೈಗೆ ಎಟಕುತ್ತದೆ. ನೋಡಿ ತಿಳಿಸು.