ಗೆಡ್ಡೆಯನ್ನು ಪೂರ್ತಿ ತೆಗೆಯಬಾರದಿತ್ತೇ?

ಪ್ರಶ್ನೆ: ನಮ್ಮ 9 ವರ್ಷದ ಮಗಳಿಗೆ ತಲೆನೋವು, ವಾಂತಿ; ಎರಡು ವರ್ಷದಿಂದ ಎತ್ತರವೂ ಬೆಳೆದಿರಲಿಲ್ಲ. ಸ್ಕ್ಯಾನ್ ನೋಡಿ ಕ್ರೇನಿಯೋಫ್ಯಾರಿಂಜಿಯೋಮಾ (ಮಿದುಳಿನ ತಳದ ಗೆಡ್ಡೆ) ಎಂದರು. ಆಪರೇಷನ್ನಿನಲ್ಲಿ ಸ್ವಲ್ಪ ಗೆಡ್ಡೆ ಬಿಟ್ಟು, ಈಗ ರೇಡಿಯೇಷನ್ ಬೇಕೆನ್ನುತ್ತಾರೆ. ಕ್ಯಾನ್ಸರ್ ಅಲ್ಲವಾದರೆ ಪೂರ್ತಿ ತೆಗೆಯಬಾರದಿತ್ತೇ? ಹೈಡ್ರೋಕಾರ್ಟಿಸೋನ್, ಥೈರಾಕ್ಸಿನ್, ಡೆಸ್ಮೋಪ್ರೆಸಿನ್ ಎಷ್ಟು ದಿನ ಕೊಡಬೇಕು?
— ಹೆಸರು ಬೇಡ, ಹಾಸನ

ಉತ್ತರ: ಬಹುಶಃ ಬೇಕೆಂದೇ ಬಿಟ್ಟಿದ್ದಾರೆ. ಈ ಗೆಡ್ಡೆ ಕ್ಯಾನ್ಸರ್ ಅಲ್ಲದಿದ್ದರೂ ಅದು ಕೂತಿರುವ ಜಾಗ ಕೆಟ್ಟದ್ದು: ಮೇಲೆ ಹಸಿವು, ನಿದ್ದೆಗಳನ್ನು ನಡೆಸುವ ಹೈಪೋಥಲಾಮಸ್, ಕೆಳಗೆ ಹಾರ್ಮೋನುಗಳನ್ನು ನಡೆಸುವ ಪಿಟ್ಯುಟರಿ ಗ್ರಂಥಿ, ಪಕ್ಕದಲ್ಲೇ ಕಣ್ಣಿನ ನರ. ಹೈಪೋಥಲಾಮಸ್‌ಗೆ ಅಂಟಿದ ಭಾಗವನ್ನು ಕಿತ್ತರೆ ಮಗುವಿಗೆ ತಡೆಯಲಾಗದ ಹಸಿವು, ವಿಪರೀತ ತೂಕ, ನಿದ್ದೆ ಮತ್ತು ನೆನಪಿನ ತೊಂದರೆ ಬರಬಹುದು. ಅದಕ್ಕೆ ಸರಿಯಾದ ಮದ್ದಿಲ್ಲ. ಹಾಗಂತ ಉಳಿದದ್ದನ್ನು ಸುಮ್ಮನೆ ಬಿಟ್ಟರೆ ಮತ್ತೆ ಬೆಳೆಯುವುದೇ ಹೆಚ್ಚು. ಅದಕ್ಕೇ ರೇಡಿಯೇಷನ್: ಸಾಮಾನ್ಯವಾಗಿ ದಿನಕ್ಕೆ 1.8 ಗ್ರೇಯಂತೆ (ಗ್ರೇ ಎಂದರೆ ಕಿರಣದ ಅಳತೆ) 30 ಸಲ, ಒಟ್ಟು 54 ಗ್ರೇ. ವಾರಕ್ಕೆ 5 ದಿನ, ಆರು ವಾರ. ಈ ಅವಧಿಯಲ್ಲಿ ಗೆಡ್ಡೆಯೊಳಗಿನ ನೀರಿನ ಚೀಲ ಹಿಗ್ಗುವುದುಂಟು. ತಲೆನೋವು ಮರಳಿದರೆ, ದೃಷ್ಟಿ ಮಂಜಾದರೆ ಅಂದೇ ತಿಳಿಸಿ. ರೇಡಿಯೇಷನ್ನಿನ ಇನ್ನೊಂದು ಬಗೆಯಾದ ಪ್ರೋಟಾನ್ ಚಿಕಿತ್ಸೆ (ಚೆನ್ನೈ, ನವಿ ಮುಂಬೈಗಳಲ್ಲಿದೆ) ಸುತ್ತಲಿನ ಮಿದುಳಿಗೆ ತಾಗುವ ಕಿರಣವನ್ನು ಕಡಿಮೆ ಮಾಡುತ್ತದೆ. ಗೆಡ್ಡೆ ಹತೋಟಿಗೆ ಬರುವುದು ಇದರಲ್ಲೂ ಮಾಮೂಲಿ ರೇಡಿಯೇಷನ್ನಿನಲ್ಲೂ ಹೆಚ್ಚುಕಮ್ಮಿ ಒಂದೇ.

ಪಿಟ್ಯುಟರಿ ಕೆಲಸ ಮಾಡದ್ದಕ್ಕೆ ಕೊಡುವ ಈ ಮಾತ್ರೆಗಳು ಬಹುಪಾಲು ಮಕ್ಕಳಿಗೆ ಜೀವನಪೂರ್ತಿ ಬೇಕು. ಮೂರರಲ್ಲಿ ಹೈಡ್ರೋಕಾರ್ಟಿಸೋನ್ ಒಂದು ಹೊತ್ತೂ ತಪ್ಪಬಾರದು. ‘ಸ್ಟೀರಾಯ್ಡ್ ಒಳ್ಳೆಯದಲ್ಲ’ ಎಂದು ನೆಂಟರು ಹೇಳಿದರೆ ಕೇಳಬೇಡಿ. ಇದು ದೇಹ ತಾನೇ ಮಾಡಬೇಕಿದ್ದ ಹಾರ್ಮೋನು, ಕಾರ್ಟಿಸಾಲ್. ಜ್ವರ 100.4 ಡಿಗ್ರಿ ದಾಟಿದರೆ ಡೋಸ್ ಎರಡು-ಮೂರು ಪಟ್ಟು ಮಾಡಬೇಕಾಗುತ್ತದೆ. ನಿಮ್ಮ ಮಗುವಿನ ಲೆಕ್ಕವನ್ನು ಚೀಟಿಯಲ್ಲಿ ಬರೆಸಿಕೊಂಡು ಶಾಲೆಗೂ ಒಂದು ಪ್ರತಿ ಕೊಡಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ, ಮಗು ಮಂಕಾಗಿ ಮಲಗಿಬಿಟ್ಟರೆ ಕಾಯಬೇಡಿ: ಈ ವಯಸ್ಸಿಗೆ 50 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತೊಡೆಗೆ ಕೊಟ್ಟು ಆಸ್ಪತ್ರೆಗೆ ಹೊರಡಬೇಕು. ಅದನ್ನು ಮನೆಯಲ್ಲೇ ಇಟ್ಟುಕೊಂಡು, ಚುಚ್ಚುವುದನ್ನು ನರ್ಸ್ ಹತ್ತಿರ ಕಲಿಯಿರಿ. ಹೈಡ್ರೋಕಾರ್ಟಿಸೋನ್ ನಿಲ್ಲಿಸಿ ಥೈರಾಕ್ಸಿನ್ ಒಂದನ್ನೇ ಮುಂದುವರಿಸುವುದಂತೂ ಅಪಾಯ. ದೇಹದಲ್ಲಿ ಉಳಿದ ಚೂರುಪಾರು ಕಾರ್ಟಿಸಾಲನ್ನೂ ಅದು ಬೇಗ ಖರ್ಚು ಮಾಡಿಸುತ್ತದೆ.

ಡೆಸ್ಮೋಪ್ರೆಸಿನ್ ಮೂತ್ರ ಅತಿಯಾಗಿ ಹೋಗುವುದನ್ನು ತಡೆಯುತ್ತದೆ. ಅದರ ಮೇಲೆ ‘ಚೆನ್ನಾಗಿ ನೀರು ಕುಡಿ’ ಎಂದು ಒತ್ತಾಯಿಸಿದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಬಾಯಾರಿದಷ್ಟೇ ಕುಡಿಯಲಿ. ಬಾಯಾರಿಕೆಯೇ ತಿಳಿಯದ ಮಕ್ಕಳೂ ಇದ್ದಾರೆ. ಅವರಿಗೆ ನೀರನ್ನು ಅಳತೆ ಮಾಡಿಯೇ ಕೊಡಬೇಕು. ದಿನವೂ ಬೆಳಿಗ್ಗೆ ತೂಕ ಬರೆದಿಡಿ. ಒಂದೇ ದಿನದಲ್ಲಿ ಒಂದು ಕಿಲೋ ಏರಿದರೆ ಅದು ಊಟದ ತೂಕವಲ್ಲ, ನೀರು. ಅಂದೇ ಸೋಡಿಯಂ ಪರೀಕ್ಷೆ ಮಾಡಿಸಿ.