ಐಸ್ ಶೆಲ್ಫ್ ಕರಗಿದರೆ ಸುತ್ತಲಿನ ಸಮುದ್ರಕ್ಕೆ ಏನಾಗುತ್ತದೆ?

ಐಸ್ ಶೆಲ್ಫ್ ಅಂದರೆ ನೆಲದ ಮೇಲಿನ ಹಿಮನದಿ ಕಡಲಿಗೆ ಚಾಚಿಕೊಂಡು ತೇಲುವ ಭಾಗ. ಲೋಟದಲ್ಲಿ ತೇಲುವ ಐಸ್ ಕರಗಿದರೆ ನೀರು ಚೆಲ್ಲುವುದಿಲ್ಲ, ಅಲ್ವಾ? ಹಾಗೆಯೇ ಇದು ಕರಗಿದರೂ ಸಮುದ್ರದ ಮಟ್ಟ ನೇರವಾಗಿ ಹೆಚ್ಚೇನೂ ಏರುವುದಿಲ್ಲ. ಆದರೆ ಹಿಂದಿರುವ ಹಿಮನದಿಗೆ ಇದೇ ತಡೆಗೋಡೆ. 2002ರಲ್ಲಿ ಅಂಟಾರ್ಕ್ಟಿಕಾದ ಲಾರ್ಸೆನ್ ಬಿ ಶೆಲ್ಫಿನ ಸುಮಾರು 3,250 ಚದರ ಕಿಲೋಮೀಟರ್ ಭಾಗ ಕೆಲವೇ ವಾರಗಳಲ್ಲಿ ಚೂರುಚೂರಾಯಿತು. ಹಿಂದಿದ್ದ ಹಿಮನದಿಗಳು ಮೊದಲಿಗಿಂತ ಹಲವು ಪಟ್ಟು ವೇಗವಾಗಿ ಕಡಲಿಗೆ ಜಾರತೊಡಗಿದವು. ಮಟ್ಟ ಏರುವುದು ಹೀಗೆ.

ನನಗೆ ಜಾಸ್ತಿ ಕಳವಳ ತರುವುದು ಉಪ್ಪಿನ ವಿಷಯ. ಅಂಟಾರ್ಕ್ಟಿಕಾದ ಅಂಚಿನಲ್ಲಿ ಕಡಲು ಹೆಪ್ಪುಗಟ್ಟುವಾಗ ಉಪ್ಪು ಹೊರಬೀಳುತ್ತದೆ. ಆ ತಣ್ಣಗಿನ, ಭಾರವಾದ ಉಪ್ಪುನೀರು ತಳಕ್ಕೆ ಇಳಿದು ಜಗತ್ತಿನ ಸಾಗರಗಳ ಆಳಕ್ಕೆ ಆಮ್ಲಜನಕ ಒಯ್ಯುತ್ತದೆ. ಶೆಲ್ಫ್ ಕರಗಿ ಬರುವುದು ಸಿಹಿನೀರು, ಅದು ಹಗುರ. ಅದು ಬೆರೆತಷ್ಟೂ ಈ ಇಳಿಯುವಿಕೆ ಸೊರಗುತ್ತದೆ. ಆಗ ಕೆಲವು ಕಡೆ ಆಳದ ಬೆಚ್ಚನೆಯ ನೀರು ಶೆಲ್ಫಿನ ಅಡಿಗೆ ನುಗ್ಗುವುದು ಇನ್ನೂ ಸುಲಭವಾಗುತ್ತದೆ. ಪಶ್ಚಿಮ ಅಂಟಾರ್ಕ್ಟಿಕಾದ ಅಂಚಿನ ಅಮುಂಡ್ಸೆನ್ ಸಮುದ್ರದಲ್ಲಿ ಇಂಥ ಬೆಚ್ಚನೆಯ ನೀರೇ ಥ್ವೈಟ್ಸ್ ಹಿಮನದಿಯನ್ನು ಅಡಿಯಿಂದ ಕರಗಿಸುತ್ತಿದೆ. ಬೆಚ್ಚನೆಯದು ಅಂದರೆ ಸೊನ್ನೆಗಿಂತ ಬರೀ ಒಂದು ಡಿಗ್ರಿ ಆಸುಪಾಸು ಮೇಲೆ, ಆದರೆ ಐಸಿಗೆ ಅಷ್ಟು ಸಾಕು.